ಮೂತ್ರಪಿಂಡರೋಗಿಯ ಅನ್ನವಿಚಾರ



ಜನಾರೋಗ್ಯಕ್ಕೆ ಸಂಬಂಧಪಟ್ಟ ಯಾವುದಾದರೊಂದು ವಿಷಯವನ್ನು, ಶಾಸ್ತ್ರಕ್ಕೆ ವಿರೋಧ ಬಾರದಂತೆಯೂ ಸಾಮಾನ್ಯರಿಗೆ ದುರ್ಬೋಧವಾಗದಂತೆಯೂ ಕನ್ನಡದಲ್ಲಿ ನಿರೂಪಿಸತಕ್ಕದ್ದೆಂಬುದು ಈ ಉಪನ್ಯಾಸವನ್ನು ಏರ್ಪಡಿಸಿರುವ ದತ್ತಿಯ ನಿಬಂಧನೆ. ನಾನು ವೈದ್ಯನಲ್ಲ; ರಸಾಯನಶಾಸ್ತ್ರವನ್ನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಹಾಗಿದ್ದೂ ಮೂತ್ರಪಿಂಡಗಳು ಕೈಬಿಟ್ಟವರ ಊಟದ ವಿಚಾರವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ನನ್ನ ಅಣ್ಣನವರು ತಮ್ಮ ಆಯುಷ್ಯದ ಕೊನೆಯ ಕೆಲವು ವರ್ಷಗಳನ್ನು ಡಯಾಲಿಸಿಸ್ ಯಂತ್ರದ ಆಶ್ರಯದಲ್ಲಿ ಕಳೆದರು. ಆ ಕಾಲದಲ್ಲಿ ಮಂಡ್ಯ ಸೀಮೆಯ ನಮ್ಮ ಮನೆಯಲ್ಲಿ ಅತ್ತಿಗೆಯವರು ಒಲೆಯ ಮುಂದೆ ನಡೆಸಿದ ಪ್ರಯೋಗಗಳು, ನಾನು ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದ ಪ್ರಯೋಗಗಳಿಗಿಂತ ಕಠಿನವಾದುವು, ಫಲದಲ್ಲಿಯೂ ಹೆಚ್ಚು ಗುರುತರವಾದುವು. ಅವರ ಕೈಗೆ ಬಂದಿದ್ದ ಪಥ್ಯದ ಪಟ್ಟಿಯಾದರೋ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ನಮ್ಮ ಸಂತೆಯಲ್ಲಿ ಎಂದೂ ಕಾಣದ ತರಕಾರಿಗಳ ಹೆಸರುಗಳಿದ್ದುವೇ ಹೊರತು ಮುದ್ದೆ, ಬಸ್ಸಾರು, ಉಪ್ಸಾರು, ಹುರುಳಿಕಟ್ಟು ಇವುಗಳಲ್ಲಿ ಒಂದರ ಹೆಸರೂ ಇರಲಿಲ್ಲ. ಈ ರೋಗದ ಪಥ್ಯವನ್ನು ರೋಗಿಯ ಮನೋದಾರ್ಢ್ಯವೊಂದರ ಮೇಲೆಯೇ ಹೊರಿಸುವುದು ಅನ್ಯಾಯವೆಂದೂ, ಅದರ ನಿರ್ವಾಹದಲ್ಲಿ ಹೆಚ್ಚಿನ ಪಾಲು ಅಡುಗೆ ಮಾಡುವವರ ವಿದ್ಯೆಗೂ ಪಂಕ್ತಿಯಲ್ಲಿ ಜೊತೆಗೆ ಕೂರುವವರ ವಿವೇಕಕ್ಕೂ ಸೇರಿದ್ದೆಂದೂ ನನಗೆ ದೃಢವಾಗಿರುವುದರಿಂದ ಈ ಮಾತುಗಳನ್ನು ಆಡಲು ಧೈರ್ಯಮಾಡಿದ್ದೇನೆ.

ಮೊದಲು ಅಂಗದ ವ್ಯಾಪಾರವನ್ನು ಸಂಕ್ಷೇಪವಾಗಿ ನೋಡೋಣ. ಬೆನ್ನಿನ ಇಕ್ಕೆಲಗಳಲ್ಲಿರುವ, ಮುಷ್ಟಿಯ ಗಾತ್ರದ ಈ ಎರಡು ಪಿಂಡಗಳಲ್ಲಿ ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವೆಲ್ಲವೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಬೇಡವಾದುದನ್ನು ಒಂದೆರಡು ಲೀಟರ್ ಮೂತ್ರದಲ್ಲಿ ಹೊರಗೆ ಕಳುಹಿಸುತ್ತವೆ. ನಾವು ಮಧ್ಯಾಹ್ನ ಉಪ್ಪಿನಕಾಯನ್ನು ಅಧಿಕವಾಗಿ ತಿಂದೆವೋ, ಬೇಸಗೆಯಲ್ಲಿ ಎರಡು ಎಳನೀರು ಕುಡಿದೆವೋ, ಮದುವೆಯೂಟದಲ್ಲಿ ಕೋಸಂಬರಿಯನ್ನು ಮೂರು ಸಲ ಬಡಿಸಿಕೊಂಡೆವೋ, ಅದರ ಲೆಕ್ಕವನ್ನು ನಾವು ಇಡಬೇಕಾಗಿಲ್ಲದಂತೆ ಅವು ಇಡುತ್ತವೆ. ಆರೋಗ್ಯವಂತನು ಊಟದ ವಿಷಯದಲ್ಲಿ ಅಜಾಗರೂಕನಾಗಿರಬಲ್ಲನಾದರೆ ಅದು ಈ ಅಂಗಗಳ ಕೃಪೆ. ಅವು ಕೆಟ್ಟ ಮೇಲೆ ಯಂತ್ರವು ಮಾಡಬಲ್ಲದ್ದು ಸ್ವಲ್ಪ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆಯಂತೆ ರಕ್ತಶುದ್ಧಿಯಾಯಿತೆಂದು ಇಟ್ಟುಕೊಂಡರೂ ವಾರದ 168 ಗಂಟೆಗಳಲ್ಲಿ 12 ಗಂಟೆ ಮಾತ್ರ ಯಂತ್ರದ ಪಾಲು. ನಮ್ಮ ದೇಶದಲ್ಲಿ ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರು ಬಹುಮಂದಿ. ಉಳಿದ ಗಂಟೆಗಳಲ್ಲಿ ಮೂತ್ರಪಿಂಡದ ಲೆಕ್ಕವನ್ನು ಇಡತಕ್ಕದ್ದು ಊಟದ ಎಲೆ.

ಯಂತ್ರವು ಬರುವುದಕ್ಕೆ ಮುಂಚೆ ಎಲೆಯೊಂದೇ ಗತಿಯಾಗಿತ್ತು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ 1827ರಲ್ಲಿ ಈ ರೋಗದ ಲಕ್ಷಣಗಳನ್ನು ವರ್ಣಿಸಿದ ಮೇಲೆ ನೂರು ವರ್ಷಗಳಿಗೂ ಮೀರಿ ವೈದ್ಯರ ಕೈಯಲ್ಲಿದ್ದ ಉಪಾಯಗಳಲ್ಲಿ ಮುಖ್ಯವಾದದ್ದು ಪಥ್ಯ. ಆ ಕಾಲದ ಕೆಲವು ಪಥ್ಯಗಳನ್ನು ಓದಿದರೆ ರೋಗವೇ ವಾಸಿಯೆಂದು ತೋರುತ್ತದೆ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಗ್ರಹಾಂ ಬುಲ್ ಎಂಬ ವೈದ್ಯರು 1949ರಲ್ಲಿ, ಮೂತ್ರವು ಹಠಾತ್ತಾಗಿ ನಿಂತವರಿಗೆ 400 ಗ್ರಾಂ ಗ್ಲೂಕೋಸನ್ನೂ 100 ಗ್ರಾಂ ಕಡಲೆಕಾಯಿ ಎಣ್ಣೆಯನ್ನೂ ಒಂದು ಲೀಟರ್ ನೀರಿನಲ್ಲಿ ಕದಡಿ ಮೂಗಿನ ನಳಿಕೆಯ ಮೂಲಕ ಹೊಟ್ಟೆಗೆ ಇಳಿಸುವ ಕ್ರಮವನ್ನು ಪ್ರಕಟಿಸಿದರು. ವಾಂತಿಯಾದರೆ ಅದನ್ನೂ ಸೋಸಿ ಅದೇ ನಳಿಕೆಯಲ್ಲಿ ಮರಳಿ ಬಿಡುತ್ತಿದ್ದರು. ಇದು ಕ್ರೌರ್ಯವಲ್ಲ, ರಕ್ತದಲ್ಲಿ ಕಲ್ಮಷವನ್ನು ಹೆಚ್ಚಿಸುವ ಸಸಾರಜನಕದ ಕಣವೊಂದೂ ಒಳಗೆ ಹೋಗದಂತೆ ಶಕ್ತಿಯನ್ನು ಮಾತ್ರ ಕೊಟ್ಟು, ಪಿಂಡಗಳು ತಾವಾಗಿ ಚೇತರಿಸಿಕೊಳ್ಳುವವರೆಗೆ ಪ್ರಾಣವನ್ನು ಹಿಡಿದಿಡುವ ಯುಕ್ತಿ, ಮತ್ತು ಅದರಿಂದ ಬದುಕಿದವರೂ ಇದ್ದರು.

ನಮ್ಮವರಿಗೆ ಹೆಚ್ಚು ಕೌತುಕವನ್ನುಂಟುಮಾಡತಕ್ಕದ್ದು ವಾಲ್ಟರ್ ಕೆಂಪ್ನರ್ ಎಂಬವರ ಅನ್ನದ ಪಥ್ಯ. ಜರ್ಮನಿಯಿಂದ ಅಮೆರಿಕಕ್ಕೆ ಬಂದು ಉತ್ತರ ಕ್ಯಾರೊಲಿನದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಈ ವೈದ್ಯರು, 1939ರಿಂದ ಆರಂಭಿಸಿ, ರಕ್ತದೊತ್ತಡವೂ ಮೂತ್ರಪಿಂಡದ ವಿಕಾರವೂ ಕೂಡಿದವರಿಗೆ ಉಪ್ಪಿಲ್ಲದ ಬಿಳಿಯ ಅನ್ನ, ಹಣ್ಣು, ಸಕ್ಕರೆ ಇವಿಷ್ಟನ್ನೇ ವಿಧಿಸಿದರು. ಎರಡು ವಾರಗಳ ಮೇಲೆ ಬರಹೇಳಿದ ರೋಗಿಯೊಬ್ಬಳು ಅವರ ಜರ್ಮನ್ ಉಚ್ಚಾರಣೆಯನ್ನು ತಪ್ಪಾಗಿ ತಿಳಿದು ಎರಡು ತಿಂಗಳು ಅದನ್ನೇ ತಿಂದುಕೊಂಡಿದ್ದು, ಮರಳಿ ಬಂದಾಗ ಅವಳ ಒತ್ತಡವೂ ಕಣ್ಣಿನ ಒಳಪದರದ ವಿಕಾರವೂ ಬಹುವಾಗಿ ಇಳಿದಿದ್ದನ್ನು ಕಂಡು ಅವರೇ ಆಶ್ಚರ್ಯಪಟ್ಟರೆಂದು ಹೇಳುತ್ತಾರೆ. ಅಮೆರಿಕದವರಿಗೆ ಬರಿಯ ಅನ್ನ ಶಿಕ್ಷೆಯಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮವರಿಗೂ, ಮಜ್ಜಿಗೆಯಿಲ್ಲದೆ, ಉಪ್ಪಿನಕಾಯಿಲ್ಲದೆ, ಸಾರಿಲ್ಲದೆ ಅದನ್ನು ಎರಡು ತಿಂಗಳು ತಿನ್ನೆಂದರೆ ಬೇರೆಯಾಗಿ ತೋರಲಾರದು. 1960ರ ದಶಕದಲ್ಲಿ ಇಟಲಿಯ ಜೋರ್ದಾನೊ, ಜೊವಾನೆತ್ತಿ ಎಂಬ ಇಬ್ಬರು ವೈದ್ಯರು ಸಸಾರಜನಕವನ್ನು ದಿನಕ್ಕೆ 20 ಗ್ರಾಂ ಆಸುಪಾಸಿಗೆ ಇಳಿಸಿ, ಅದನ್ನೂ ಬಹುಮಟ್ಟಿಗೆ ಮೊಟ್ಟೆಯಿಂದಲೇ ಒದಗಿಸುವ ಪಥ್ಯವನ್ನು ರೂಪಿಸಿದರು; ವಾಕರಿಕೆ, ಬಿಕ್ಕಳಿಕೆ, ನವೆ ಇವುಗಳಿಂದ ಬಳಲುತ್ತಿದ್ದವರು ಅದರಿಂದ ಸ್ವಲ್ಪಕಾಲ ನೆಮ್ಮದಿ ಪಡೆದರು. ಆ ಇಟಲಿಯವರ ವಿಷಯದಲ್ಲಿ ನಾನು ಮೆಚ್ಚಿಕೊಂಡ ಅಂಶವೆಂದರೆ, ತಮ್ಮ ಜನ ಪಾಸ್ತಾವನ್ನು ಬಿಟ್ಟು ಬದುಕಲಾರರೆಂಬುದನ್ನು ತಿಳಿದು, ಸಸಾರಜನಕವನ್ನು ತೆಗೆದ ಗೋಧಿಯ ಪಿಷ್ಟದಿಂದಲೇ ಪಾಸ್ತಾವನ್ನು ಮಾಡಿಸಿದ್ದು. ರೋಗಿಯ ನಾಲಗೆಗೆ ಊರೊಂದಿದೆ ಎಂಬುದನ್ನು ಅವರು ಮರೆಯಲಿಲ್ಲ.

ಯಂತ್ರದ ಕಥೆ ದೊಡ್ಡದು. ಇಲ್ಲಿ ಎರಡು ಮಾತು ಸಾಕು. ಹಾಲೆಂಡಿನ ಕಾಂಪೆನ್ ಎಂಬ ಪಟ್ಟಣದಲ್ಲಿ, ಜರ್ಮನ್ ಸೈನ್ಯದ ಆಕ್ರಮಣದ ಕಾಲದಲ್ಲಿ, ವಿಲ್ಲೆಂ ಕೋಲ್ಫ್ 1943ರಲ್ಲಿ ಸೆಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ಕೃತಕ ಮೂತ್ರಪಿಂಡವನ್ನು ರಚಿಸಿದರು. ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ರಕ್ತನಾಳಕ್ಕೆ ಶಾಶ್ವತವಾದ ದ್ವಾರವನ್ನು ಕಲ್ಪಿಸಿದ್ದರಿಂದ, ಅದುವರೆಗೆ ಕೆಲವು ದಿನಗಳ ಉಪಾಯವಾಗಿದ್ದದ್ದು ವರ್ಷಗಳ ಜೀವನಕ್ರಮವಾಯಿತು. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಆ ಯಂತ್ರವುಂಟು. ಯಂತ್ರ ಬಂದರೆ ಪಥ್ಯ ಹೋಗುತ್ತದೆಂದು ಎಣಿಸಿದವರಿಗೆ ಆಶಾಭಂಗವಾಯಿತು; ಪಥ್ಯವು ಹೋಗಲಿಲ್ಲ, ರೂಪವನ್ನು ಬದಲಾಯಿಸಿತು.

ಈ ಪಥ್ಯದ ವಿಲಕ್ಷಣತೆಯೇನೆಂದರೆ, ಲೋಕವು ಹಿತವೆಂದು ಹೇಳುವುದನ್ನೆಲ್ಲ ಅದು ತಲೆಕೆಳಗು ಮಾಡುತ್ತದೆ. ಮಧುಮೇಹದಿಂದಲೂ ರಕ್ತದೊತ್ತಡದಿಂದಲೂ ಮೂತ್ರಪಿಂಡಗಳನ್ನು ಕಳೆದುಕೊಂಡವರೇ ಹೆಚ್ಚು. ಅಂಥವರಿಗೆ ದಶಕಗಳ ಕಾಲ ವೈದ್ಯರೂ ಬಂಧುಗಳೂ ಪತ್ರಿಕೆಗಳೂ ಹೇಳಿದ್ದೇನು? ಬಿಳಿಯ ಅಕ್ಕಿಯನ್ನು ಬಿಡು, ರಾಗಿಯನ್ನು ತಿನ್ನು. ಸೊಪ್ಪು, ಕಾಳು, ಹಣ್ಣು ಹೇರಳವಾಗಿರಲಿ. ಸಕ್ಕರೆಗಿಂತ ಬೆಲ್ಲ ಲೇಸು. ನೀರನ್ನು ಧಾರಾಳವಾಗಿ ಕುಡಿ. ಒಂದು ದಿನ ಆಸ್ಪತ್ರೆಯಿಂದ ಹೊರಬಂದಾಗ ಇವುಗಳಲ್ಲಿ ಪ್ರತಿಯೊಂದೂ ವಿರುದ್ಧವಾಗಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರಸತ್ತ್ವಗಳ ಕೋಷ್ಟಕವನ್ನು ನೋಡಿದರೆ, ಕೆಟ್ಟ ಪಿಂಡಗಳು ಹೊರಹಾಕಲಾರದೆ ರಕ್ತದಲ್ಲಿ ಉಳಿದು ಕೇಡುಮಾಡುವ ಪೊಟ್ಯಾಸಿಯಂ, ರಾಗಿಯಲ್ಲಿ ಪಾಲಿಷ್ ಮಾಡಿದ ಅಕ್ಕಿಯದಕ್ಕಿಂತ ಸುಮಾರು ನಾಲ್ಕು ಪಟ್ಟು. ರಂಜಕವೂ ಅದರಲ್ಲಿ ಅಧಿಕ. ಬೆಲ್ಲದಲ್ಲಿ ಕಬ್ಬಿನ ಲವಣಗಳು ಉಳಿದಿರುವುದರಿಂದ ಅದರಲ್ಲಿಯೂ ಪೊಟ್ಯಾಸಿಯಂ ಸಮೃದ್ಧ, ಸಕ್ಕರೆಯಲ್ಲಿ ಅದು ನಾಮಮಾತ್ರ. ಹಾಗೆಂದು ಮಧುಮೇಹಿಗೆ ಸಕ್ಕರೆಯನ್ನು ತಿನ್ನಲು ಅನುಜ್ಞೆ ಸಿಕ್ಕಿತೆಂದಲ್ಲ. ಹಳೆಯ ನಿಷೇಧ ಒಂದು ಕಡೆ, ಹೊಸ ನಿಷೇಧ ಇನ್ನೊಂದು ಕಡೆ, ನಡುವೆ ಉಳಿಯುವ ದಾರಿ ಬಹಳ ಕಿರಿದು. ರಾಗಿ, ಬೆಲ್ಲ, ಎಳನೀರು ಇವು ಮೂರರಿಂದಲೇ ಹೆಸರಾದ ಸೀಮೆ ನಮ್ಮದು. ಮದ್ದೂರಿನ ಎಳನೀರಿನ ಮಾರುಕಟ್ಟೆಯ ಮುಂದೆಯೇ ಹಾದು ಡಯಾಲಿಸಿಸ್ಸಿಗೆ ಹೋಗುತ್ತಿದ್ದ ಅಣ್ಣನವರು, "ಊರೇ ನನ್ಗೆ ಅಪಥ್ಯ ಆಗೋಯ್ತು ಕಣೋ" ಎಂದು ನಗುತ್ತಿದ್ದರು.

ಏಕಾದಶಿಯ ವಿಷಯವನ್ನೂ ಇಲ್ಲಿಯೇ ಹೇಳುವೆನು. ಉಪವಾಸವು ಮೈಗೆ ಒಳ್ಳೆಯದೆಂದು ನಮ್ಮ ನಂಬಿಕೆ. ಆ ದಿನ ಅನ್ನವನ್ನು ಬಿಟ್ಟು ಬಾಳೆಹಣ್ಣು, ಹಾಲು, ಎಳನೀರು, ಕಡಲೆಕಾಯಿಬೀಜ, ಖರ್ಜೂರ ಇವುಗಳಿಂದ ಫಲಾಹಾರ ಮಾಡುವುದು ವಾಡಿಕೆ. ಮೂತ್ರಪಿಂಡವಿಲ್ಲದವನ ಪಾಲಿಗೆ ಮಾಸದಲ್ಲಿ ಬರುವ ಎರಡು ಏಕಾದಶಿಗಳೂ ಬಹಳ ಅಪಾಯಕರವಾದ ದಿನಗಳು. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರುವುದು ಸಹಜ, 6.5ನ್ನು ಮೀರಿದರೆ ಹೃದಯದ ಲಯ ಕೆಡುವ ಭಯವುಂಟು, ಮತ್ತು ಇದರ ಕೇಡು ಏನೆಂದರೆ, ಅದು ಬಹುವೇಳೆ ಯಾವ ಮುನ್ಸೂಚನೆಯನ್ನೂ ಕೊಡದೆ ಬರುತ್ತದೆ. ದೇವರಿಗೆ ಪ್ರಿಯವಾದ ವ್ರತವನ್ನು ಬಿಡಬೇಕೆಂದು ಹೇಳಲು ನನಗೆ ಅಧಿಕಾರವಿಲ್ಲ. ಅಂಥವರು ಅಂದು ಅನ್ನವನ್ನೇ ಉಂಡು ವ್ರತವನ್ನು ಬೇರೆ ಬಗೆಯಲ್ಲಿ ನಡೆಸಬಹುದೆಂದು ಹೇಳುವ ಆಚಾರ್ಯರು ದೊರೆತರೆ ಒಳ್ಳೆಯದು.

ಇನ್ನು ಬಸ್ಸಾರಿನ ವಿಷಯ. ತಿಳಿಯದವರಿಗಾಗಿ ಹೇಳುತ್ತೇನೆ: ಕಾಳನ್ನೂ ಸೊಪ್ಪನ್ನೂ ಬೇಯಿಸಿ ಬಸಿದು, ಬಸಿದ ಕಟ್ಟಿಗೆ ಹುರಿದ ಮಸಾಲೆಯನ್ನು ಅರೆದು ಹಾಕಿ ಸಾರು ಮಾಡುವರು, ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುವರು. ಸತ್ತ್ವವೆಲ್ಲ ಕಟ್ಟಿನಲ್ಲಿದೆ ಎಂಬುದು ನಮ್ಮ ಹಿರಿಯರ ಮಾತು, ಮತ್ತು ಅದು ರಸಾಯನಶಾಸ್ತ್ರಕ್ಕೆ ಸಮ್ಮತವಾದ ಮಾತು. ಪೊಟ್ಯಾಸಿಯಂ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗತಕ್ಕವು. ತರಕಾರಿಯನ್ನು ಸಣ್ಣಗೆ ಹೆಚ್ಚಿ ಧಾರಾಳವಾದ ನೀರಿನಲ್ಲಿ ಬೇಯಿಸಿದರೆ ಅದರಲ್ಲಿದ್ದುದರ ಅರ್ಧದಷ್ಟಾದರೂ ನೀರಿಗೆ ಇಳಿಯಬಹುದು. ತಣ್ಣೀರಿನಲ್ಲಿ ನೆನೆಯಿಟ್ಟರೆ ಮಾತ್ರ ಸಾಲದು. ಕುದಿಯಬೇಕು, ಬಸಿಯಬೇಕು, ಬಸಿದುದನ್ನು ಚೆಲ್ಲಬೇಕು. ಹೀಗೆಂದು ನಾನು ಹೇಳಿದಾಗ ಅತ್ತಿಗೆಯವರು ಸೌಟನ್ನು ಕೆಳಗಿಟ್ಟು, "ಕಟ್ಟ ಚೆಲ್ಬುಟ್ಟು ಸೊಪ್ಪ ಉಣ್ಣೋದು ಅಂದ್ರೆ, ಒಬ್ಬಟ್ಟ ಬಿಸಾಕಿ ಎಲೆ ತಿಂದಂಗೆ ಕಣಪ್ಪ" ಎಂದರು. ಆದರೆ ಅವರು ಕಟ್ಟನ್ನು ಚೆಲ್ಲಿದರು. ಬಚ್ಚಲಿಗಲ್ಲ, ಹಿತ್ತಲಿನ ಕರಿಬೇವಿನ ಬುಡಕ್ಕೆ. ಆಮೇಲೆ ಬೇರೆ ನೀರನ್ನು ಅಳೆದು, ಇದ್ದ ಸೊಪ್ಪುಕಾಳಿನಲ್ಲಿ ಒಂದು ಹಿಡಿಯನ್ನು ಅರೆದು, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಇಂಗು ಇವುಗಳನ್ನು ಮುಂಚಿಗಿಂತ ಹೆಚ್ಚಾಗಿ ಹುರಿದು ಹಾಕಿ, ಹುಣಿಸೆಯ ಬದಲಿಗೆ ನಿಂಬೆಯನ್ನು ಹಿಂಡಿ, ತೆಂಗಿನಕಾಯನ್ನು ಕಣ್ಣಿಗೆ ಕಾಣುವಷ್ಟು ಮಾತ್ರ ಉದುರಿಸಿ ಗಟ್ಟಿಯಾದ ಸಾರೊಂದನ್ನು ಮಾಡಿದರು. ಮೊದಲ ದಿನ ಅಣ್ಣನವರು ಅದನ್ನು ಬಾಯಿಗಿಟ್ಟು ಸುಮ್ಮನಾದರು. ಹಲವು ಸಲದ ತಿದ್ದುಪಡಿಯ ಮೇಲೆ, ಮೆಣಸು ಹೆಚ್ಚಿ ಬೆಳ್ಳುಳ್ಳಿ ತಗ್ಗಿ, ಆ ಸಾರು ಒಂದು ನೆಲೆಗೆ ಬಂತು; ಅದನ್ನು ಬಸ್ಸಾರೆಂದು ಯಾರೂ ಕರೆಯಲಿಲ್ಲವಾದರೂ ಬೇಡವೆಂದವರೂ ಇಲ್ಲ. ಮುದ್ದೆಯೂ ಪೂರ್ತಿಯಾಗಿ ಹೋಗಲಿಲ್ಲ. ರಕ್ತಪರೀಕ್ಷೆ ನೆಟ್ಟಗೆ ಬಂದ ತಿಂಗಳಲ್ಲಿ, ಅಕ್ಕಿಯ ನುಚ್ಚನ್ನೇ ಹೆಚ್ಚಾಗಿ ಸೇರಿಸಿ ಕಟ್ಟಿದ ನಿಂಬೆಗಾತ್ರದ ಮುದ್ದೆಯೊಂದು ವೈದ್ಯರ ಒಪ್ಪಿಗೆಯಿಂದ ಎಲೆಗೆ ಬರುತ್ತಿತ್ತು. ಪಟ್ಟಿಯಲ್ಲಿ ನಿಷಿದ್ಧವೆಂದು ಬರೆದದ್ದರಲ್ಲಿ ಬಹುಪಾಲು ಪ್ರಮಾಣದ ಪ್ರಶ್ನೆ ಎಂಬುದನ್ನು ಆ ಪುಟ್ಟ ಮುದ್ದೆ ಪಟ್ಟಿಗಿಂತ ಚೆನ್ನಾಗಿ ತಿಳಿಸಿತು.

ಉಪ್ಪಿಗೂ ನೀರಿಗೂ ಇರುವ ಸಂಬಂಧವನ್ನು ನಮ್ಮ ಜನ ಇನ್ನೂ ಸರಿಯಾಗಿ ಗ್ರಹಿಸಿಲ್ಲ. ನೀರನ್ನು ಕಡಿಮೆ ಮಾಡಿರೆಂದು ವೈದ್ಯರು ಹೇಳುತ್ತಾರೆ. ಹಿಂದಿನ ದಿನದ ಮೂತ್ರದ ಪ್ರಮಾಣಕ್ಕೆ ಸುಮಾರು ಅರ್ಧ ಲೀಟರನ್ನು ಸೇರಿಸಿದರೆ ಬರುವಷ್ಟೇ ಆ ದಿನದ ದ್ರವವೆಂಬುದು ಸಾಮಾನ್ಯ ಲೆಕ್ಕ, ಮತ್ತು ಅದರಲ್ಲಿ ಕಾಫಿ, ಮಜ್ಜಿಗೆ, ಸಾರು, ಗಂಜಿ ಎಲ್ಲವೂ ಸೇರಬೇಕು. ಆದರೆ ಬಾಯಾರಿಕೆಯ ಮೂಲ ಉಪ್ಪಿನಲ್ಲಿದೆ. ನಮ್ಮ ರಕ್ತದ ಲವಣಸಾಂದ್ರತೆಗೆ ಹೊಂದುವಂತೆ ಆಸ್ಪತ್ರೆಗಳಲ್ಲಿ ಬಳಸುವ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ಅಂದಮೇಲೆ ಮೂತ್ರವಿಲ್ಲದವನ ದೇಹದಲ್ಲಿ 9 ಗ್ರಾಂ ಉಪ್ಪು ಉಳಿಯಿತೆಂದರೆ ಅದು ಒಂದು ಲೀಟರ್ ನೀರನ್ನು ಕುಡಿಸದೆ ಬಿಡದು, ತೂಕವು ಒಂದು ಕಿಲೋ ಏರದೆ ಇರದು. ಡಯಾಲಿಸಿಸ್ಸಿಗೆ ಬಂದವರನ್ನು ತಕ್ಕಡಿಯ ಮೇಲೆ ನಿಲ್ಲಿಸಿ, "ಎಷ್ಟು ಕೆ.ಜಿ. ಏರಿದ್ದೀರಿ?" ಎಂದು ಗದರಿಸುವ ದಾದಿಯು ನಿಜವಾಗಿ ಕೇಳುತ್ತಿರುವುದು ಉಪ್ಪಿನಕಾಯನ್ನೂ ಹಪ್ಪಳವನ್ನೂ ಕುರಿತು. ಉಪ್ಪನ್ನು ಬಿಡದವನಿಗೆ ನೀರನ್ನು ಬಿಡು ಎನ್ನುವುದು ಹಿಂಸೆ. ಅಣ್ಣನವರು ಬೆಳಗ್ಗೆ ಆ ದಿನದ ನೀರನ್ನು ಒಂದು ಹಿತ್ತಾಳೆ ಚೊಂಬಿಗೆ ಅಳೆದು ತುಂಬಿಡುವರು. ಕಾಫಿ ಕುಡಿದರೆ ಅಷ್ಟೇ ಪ್ರಮಾಣದ ನೀರನ್ನು ಚೊಂಬಿನಿಂದ ತೆಗೆದು ತುಳಸಿಗೆ ಹಾಕುವರು. ಸಂಜೆಯ ಹೊತ್ತಿಗೆ ಚೊಂಬಿನಲ್ಲಿ ಉಳಿದದ್ದನ್ನು ನೋಡಿಯೇ ರಾತ್ರಿಯ ಊಟಕ್ಕೆ ಸಾರೋ ಪಲ್ಯವೋ ನಿಶ್ಚಯವಾಗುತ್ತಿತ್ತು. ಮಾತ್ರೆಗಳನ್ನು ಅನ್ನದ ತುತ್ತಿನೊಡನೆಯೇ ನುಂಗುವುದನ್ನು ಅವರು ಕಲಿತರು, ಏತಕ್ಕೆಂದರೆ ಗುಟುಕು ನೀರಿಗೂ ಬೆಲೆಯಿತ್ತು.

ಅತ್ತಿಗೆಯವರು ಮಾಡಿದ ಇನ್ನೊಂದು ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಮೊದಲು ಕೆಲವು ತಿಂಗಳು ಅಣ್ಣನವರಿಗೆ ಬೇರೆ ಪಾತ್ರೆ, ಬೇರೆ ಒಲೆ, ಬೇರೆ ಹೊತ್ತಿನ ಊಟ ನಡೆಯಿತು. ಮನೆಯ ಮಕ್ಕಳು ಒಳಗೆ ಹುಳಿಯನ್ನು ಸುರಿಯುವಾಗ ಅವರು ಜಗಲಿಯಲ್ಲಿ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿರುತ್ತಿದ್ದರು. ಒಂದು ದಿನ ಅತ್ತಿಗೆಯವರು ಯಾರನ್ನೂ ಕೇಳದೆ ಇಡೀ ಮನೆಯ ಅಡುಗೆಯನ್ನೇ ಉಪ್ಪಿಲ್ಲದೆ ಮಾಡಿ, ಉಪ್ಪನ್ನು ಎಲೆಯ ತುದಿಗೆ ಬಡಿಸತೊಡಗಿದರು. ಎಲೆಯ ತುದಿಗೆ ಉಪ್ಪು ಬಡಿಸುವುದು ನಮ್ಮಲ್ಲಿ ಹೊಸದಲ್ಲವಷ್ಟೆ. ಬೇಕಾದವರು ಬೇಕಾದಷ್ಟು ಕಲಸಿಕೊಂಡರು, ಅಣ್ಣನವರ ಎಲೆಗೆ ಅಳೆದ ಚಿಟಿಕೆ ಬಿತ್ತು, ಎಲ್ಲರೂ ಒಂದೇ ಸಾಲಿನಲ್ಲಿ ಕೂತರು. ಅಂದಿನಿಂದ ಅವರ ಊಟ ಹೆಚ್ಚಿತು, ಮಾತೂ ಹೆಚ್ಚಿತು. ಮಕ್ಕಳು ಗೊಣಗಿದರು, ಗೊಣಗಲಿ. ಆರೋಗ್ಯವಂತರಿಗೂ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿರುವಾಗ ಅದರಿಂದ ಅವರಿಗೆ ನಷ್ಟವೇನೂ ಆಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಉಪ್ಪನ್ನು ಬಿಡಬೇಕಾದವರಿಗೆಂದು ಅಂಗಡಿಗಳಲ್ಲಿ ಸೋಡಿಯಂ ಕಡಿಮೆಯಿರುವ ಉಪ್ಪಿನ ಪೊಟ್ಟಣಗಳು ಸಿಗುತ್ತವೆ. ರಕ್ತದೊತ್ತಡದವರಿಗೆ ಅವು ಉಪಕಾರಿಯಾಗಿರಬಹುದು. ಅವುಗಳಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗಕ್ಕೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿರುತ್ತಾರೆ. ಮೂತ್ರಪಿಂಡ ಕೆಟ್ಟವರಿಗೆ ಅದನ್ನು ಕೊಡಲೇಬಾರದು. ಪ್ರೀತಿಯಿಂದ ತಂದುಕೊಟ್ಟ ಆ ಪೊಟ್ಟಣ ಪ್ರಾಣಾಪಾಯವನ್ನು ತರಬಲ್ಲದು.

ಪ್ರೀತಿಯಿಂದ ಬರುವ ಅಪಾಯಗಳ ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ. ರೋಗಿಯನ್ನು ನೋಡಲು ಹೋಗುವವರು ಎಳನೀರು, ಮೂಸಂಬಿ, ಬಾಳೆಹಣ್ಣು ಹಿಡಿದುಕೊಂಡು ಹೋಗುವುದು ನಮ್ಮ ಶಿಷ್ಟಾಚಾರ. ಮೂರೂ ಪೊಟ್ಯಾಸಿಯಂನ ಆಗರಗಳು. "ಕಿಡ್ನಿ ತೊಂದರೆ" ಎಂದು ಕೇಳಿದ ಕೂಡಲೆ ನೆರೆಯವರಿಗೆ ನೆನಪಾಗುವುದು ಕಲ್ಲು. ಕಲ್ಲಾದವರಿಗೆ ಹೇಳುವ ಬಾಳೆದಿಂಡಿನ ರಸವನ್ನೂ ಬಿಂದಿಗೆಗಟ್ಟಲೆ ನೀರನ್ನೂ ಪಿಂಡಗಳೇ ನಿಂತುಹೋದವರಿಗೂ ಹೇಳುತ್ತಾರೆ. ಕಲ್ಲಿರುವವನಿಗೆ ನೀರು ಮದ್ದಾಗಬಹುದು; ಮೂತ್ರವೇ ಇಲ್ಲದವನಿಗೆ ಅದು ಶ್ವಾಸಕೋಶವನ್ನು ತುಂಬುತ್ತದೆ. ಕರಾವಳಿಯವರಿಗೆ ವಿಶೇಷವಾಗಿ ಹೇಳಬೇಕಾದದ್ದು ದಾರೆಹುಳಿಯ ವಿಷಯ. ಅಡ್ಡಕೊಯ್ದರೆ ನಕ್ಷತ್ರದಂತೆ ಕಾಣುವ ಆ ಸುಂದರವಾದ ಹುಳಿಹಣ್ಣಿನಲ್ಲಿ ನರಗಳನ್ನು ಕೆರಳಿಸುವ ವಿಷವೊಂದಿರುವುದನ್ನು ಬ್ರೆಜಿಲ್ಲಿನ ವಿಜ್ಞಾನಿಗಳು 2013ರಲ್ಲಿ ಪ್ರತ್ಯೇಕಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಪಿಂಡಗಳು ಸರಿಯಾಗಿದ್ದವರು ಅದನ್ನು ಹೊರಹಾಕಿಬಿಡುತ್ತಾರೆ. ಕೆಟ್ಟವರಲ್ಲಿ ಬಿಡದ ಬಿಕ್ಕಳಿಕೆ, ಬುದ್ಧಿಭ್ರಮೆ, ಅಪಸ್ಮಾರ, ಕಡೆಗೆ ಮರಣವೂ ಸಂಭವಿಸಿದ್ದುಂಟು. ಅದರ ಹತ್ತಿರದ ಬಂಧುವಾದ ಬಿಂಬುಳಿಯ ರಸವನ್ನು ಔಷಧವೆಂದು ಅತಿಯಾಗಿ ಕುಡಿದು, ಅದರ ಆಕ್ಸಲಿಕ್ ಆಮ್ಲದಿಂದ ಚೆನ್ನಾಗಿದ್ದ ಪಿಂಡಗಳನ್ನೇ ಕೆಡಿಸಿಕೊಂಡವರ ವೃತ್ತಾಂತಗಳು ಕೇರಳದಿಂದ ಬಂದಿವೆ.

ಸಸಾರಜನಕದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಡಯಾಲಿಸಿಸ್ ಆರಂಭವಾಗುವುದಕ್ಕೆ ಮುಂಚೆ, ಉಳಿದಿರುವ ಪಿಂಡಶಕ್ತಿಯನ್ನು ಕಾಪಾಡುವುದಕ್ಕಾಗಿ, ದೇಹತೂಕದ ಕಿಲೋಗೆ 0.6ರಿಂದ 0.8 ಗ್ರಾಂ ಸಸಾರಜನಕ ಸಾಕೆಂದು ವಿಧಿಸುವುದುಂಟು. ಆರಂಭವಾದ ಮೇಲೆ ಅದೇ ವೈದ್ಯರು 1ರಿಂದ 1.2 ಗ್ರಾಂ ಬೇಕೆನ್ನುತ್ತಾರೆ, ಏಕೆಂದರೆ ಯಂತ್ರವು ಕಲ್ಮಷದೊಡನೆ ಅಮೈನೋ ಆಮ್ಲಗಳನ್ನೂ ಒಯ್ಯುತ್ತದೆ. ನಿನ್ನೆಯವರೆಗೆ ಬೇಳೆಗೆ ಹೆದರುತ್ತಿದ್ದವನು ಇಂದು ಮೊಟ್ಟೆಯ ಬಿಳಿಯನ್ನು ತಿನ್ನಬೇಕು. ಅಣ್ಣನವರ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ವೃದ್ಧ ಅರ್ಚಕರೊಬ್ಬರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಮುಟ್ಟದ್ದನ್ನು ಈಗ ಮುಟ್ಟಿ ಎಷ್ಟು ವರ್ಷ ಸಂಪಾದಿಸಲಿ?" ಎಂದು ಕೇಳಿದರು. ಅಲ್ಲಿಯ ಆಹಾರತಜ್ಞೆ ಅವರೊಡನೆ ವಾದಿಸಲಿಲ್ಲ; ಪನೀರಿನ ಅಳತೆಯನ್ನೂ, ಎರಡು ಸಲ ಬಸಿದ ಬೇಳೆಯ ಅಳತೆಯನ್ನೂ, ಅವುಗಳ ಜೊತೆಗೆ ನುಂಗಬೇಕಾದ ಮಾತ್ರೆಯನ್ನೂ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಅಂಥವರು ಇನ್ನೂ ಅನೇಕರು ಬೇಕು. ಆ ಮಾತ್ರೆ ರಂಜಕವನ್ನು ಕರುಳಿನಲ್ಲಿಯೇ ಹಿಡಿದಿಡತಕ್ಕದ್ದು. ಊಟದ ನಡುವೆ ತೆಗೆದುಕೊಂಡರೆ ಮಾತ್ರ ಫಲ, ಮಲಗುವಾಗ ನೆನಪಾಗಿ ನುಂಗಿದರೆ ವ್ಯರ್ಥ. ರಂಜಕ ಏರಿದರೆ ಮೈ ನವೆಯುತ್ತದೆ, ಮೂಳೆಗಳು ಸವೆಯುತ್ತವೆ; ಧಾನ್ಯದಲ್ಲಿರುವ ರಂಜಕಕ್ಕಿಂತ ಬಾಟಲಿಯ ಕಪ್ಪು ಪಾನೀಯಗಳಲ್ಲಿಯೂ ಪೊಟ್ಟಣದ ತಿಂಡಿಗಳಲ್ಲಿಯೂ ಬೆರೆಸಿದ್ದು ಬೇಗನೆ ರಕ್ತಕ್ಕೆ ಸೇರುತ್ತದೆಂಬುದನ್ನು ನೆನಪಿಟ್ಟರೆ ಸಾಕು.

ಪಟ್ಟಿ ಎಲ್ಲರಿಗೂ ಒಂದೇ ಎಂದು ತಿಳಿಯಬಾರದು. ಹೊಟ್ಟೆಯ ಪದರದ ಮೂಲಕ ಮನೆಯಲ್ಲಿಯೇ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ಪೊಟ್ಯಾಸಿಯಂನ ಭಯ ಕಡಿಮೆ, ಸಸಾರಜನಕದ ನಷ್ಟ ಹೆಚ್ಚು. ಮೂತ್ರವಿನ್ನೂ ಬರುತ್ತಿರುವವರಿಗೆ ನೀರಿನ ಸ್ವಾತಂತ್ರ್ಯವಿದೆ. ಪಿಂಡವನ್ನು ಕಸಿ ಮಾಡಿಸಿಕೊಂಡವರಿಗೆ ನಿಷೇಧಗಳಲ್ಲಿ ಬಹುಪಾಲು ಕಳಚಿಬೀಳುತ್ತವೆಯಾದರೂ, ಕಸಿಯನ್ನು ಉಳಿಸುವ ಮದ್ದಿನೊಡನೆ ಸೆಣಸುವ ಗ್ರೇಪ್‌ಫ್ರೂಟನ್ನೂ ಅದರ ಕುಲದ ಚಕ್ಕೋತವನ್ನೂ ಬಿಡಹೇಳುತ್ತಾರೆ. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯವರಿಗೆ ಇದು ಬೇಸರದ ಸುದ್ದಿ. ನೆರೆಯವನ ಪಟ್ಟಿಯನ್ನು ನಕಲು ಮಾಡುವುದರಿಂದ ಆಗುವ ಕೇಡು ಎರಡು ಬಗೆಯದು: ಬೇಕಾದುದನ್ನು ಬಿಟ್ಟು ಸೊರಗುವುದು, ಬಿಡಬೇಕಾದುದನ್ನು ತಿಂದು ಕೆಡುವುದು. ಸೊರಗುವವರನ್ನು ಕುರಿತು ನಾವು ಮಾತನಾಡುವುದೇ ಇಲ್ಲ. ಭಯದಿಂದ ಎಲ್ಲವನ್ನೂ ಬಿಟ್ಟು, ಗಂಜಿಯನ್ನು ಮಾತ್ರ ಕುಡಿದು, ತೋಳು ಕಡ್ಡಿಯಾದವರನ್ನು ಆ ಮಂಚಗಳ ಸಾಲಿನಲ್ಲಿ ನಾನು ಕಂಡಿದ್ದೇನೆ. ಅವರನ್ನು "ಪಥ್ಯ ಚೆನ್ನಾಗಿ ಮಾಡ್ತಾರೆ" ಎಂದು ಹೊಗಳುತ್ತಿದ್ದರು.

ಇನ್ನು ಕದ್ದು ತಿನ್ನುವವರ ಮಾತು. ಯಂತ್ರಕ್ಕೆ ಹಾಕಿದ ಮೊದಲ ಗಂಟೆಯಲ್ಲಿ ಏನು ತಿಂದರೂ ಸೋಸಿಹೋಗುತ್ತದೆಂಬ ನಂಬಿಕೆಯಿಂದ, ಕೈಗೆ ಸೂಜಿ ಚುಚ್ಚಿದೊಡನೆ ಮತ್ತೊಂದು ಕೈಯಿಂದ ವಡೆಯನ್ನೋ ಬಾಳೆಹಣ್ಣನ್ನೋ ಬಿಚ್ಚುವವರುಂಟು. ಶಾಸ್ತ್ರದ ದೃಷ್ಟಿಯಿಂದ ಅದು ಅರೆನಿಜ. ಜೀರ್ಣವಾಗಿ ರಕ್ತಕ್ಕೆ ಸೇರಲು ಹೊತ್ತು ಬೇಕು, ತುಂಬಿದ ಹೊಟ್ಟೆಯಿಂದ ಕೆಲವರಿಗೆ ರಕ್ತದೊತ್ತಡ ಕುಸಿಯುವುದೂ ಉಂಟು. ಆದರೂ ಆ ಬಾಳೆಹಣ್ಣಿನ ಮೇಲೆ ನನಗೆ ಕೋಪ ಬಾರದು. ಹೆಚ್ಚಿನ ಭಯವಿರುವುದು ಭಾನುವಾರದಲ್ಲಿ. ಸೋಮ, ಬುಧ, ಶುಕ್ರವಾರದವರಾಗಲಿ, ಮಂಗಳ, ಗುರು, ಶನಿವಾರದವರಾಗಲಿ, ಕೇಂದ್ರಕ್ಕೆ ಭಾನುವಾರ ರಜವಾದ ಕಾರಣ ವಾರದ ದೀರ್ಘವಾದ ಬಿಡುವು ಭಾನುವಾರವನ್ನು ಒಳಗೊಂಡೇ ಬರುತ್ತದೆ. ಅಮೆರಿಕದ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆ ದೀರ್ಘವಾದ ಬಿಡುವಿನ ಮರುದಿನವೇ ಮರಣಗಳೂ ಹೃದಯಾಘಾತಗಳೂ ಅಧಿಕವೆಂದು ತೋರಿಸಿತು. ನಮ್ಮಲ್ಲಿ ಬಾಡೂಟ, ಬೀಗರೂಟ, ನೆಂಟರ ಆಗಮನ ಎಲ್ಲವೂ ಬರುವುದು ಭಾನುವಾರವೇ. "ಒಂದಿನ ತಿಂದ್ರೆ ಏನಾಯ್ತದೆ, ಒಂದು ತುತ್ತು" ಎಂದು ಬಲವಂತಮಾಡುವ ನೆಂಟನು ಆ ಅಂಕಿಗಳನ್ನು ಬಲ್ಲವನಲ್ಲ. ಬಲ್ಲವನಾಗಿದ್ದರೆ ಆ ತುತ್ತನ್ನು ಬುಧವಾರಕ್ಕೆ ಇಟ್ಟುಕೊಳ್ಳುತ್ತಿದ್ದನು.

ನನ್ನ ಕೊನೆಯ ಮಾತು ಒಂದು ಪ್ರಾರ್ಥನೆ. ಈ ದತ್ತಿಯ ಆಶ್ರಯದಲ್ಲಿ, ವೈದ್ಯರೂ ಆಹಾರತಜ್ಞರೂ ಪರಿಶೀಲಿಸಿದ, ಅಡುಗೆ ಬಲ್ಲವರು ಬರೆದ ಚಿಕ್ಕ ಪುಸ್ತಕವೊಂದು ಕನ್ನಡದಲ್ಲಿ ಬರಬೇಕು. ಅದರಲ್ಲಿ ಗ್ರಾಂಗಳ ಜೊತೆಗೆ ಸೌಟು, ಹಿಡಿ, ಲೋಟಗಳ ಅಳತೆಯೂ ಇರಬೇಕು. ಹೀರೆ, ಸೋರೆ, ಪಡವಲ, ಸೀಮೆಬದನೆ ಇವುಗಳನ್ನು ಬಸಿಯುವ ಬಗೆಯೂ, ಸೇಬು, ಅನಾನಸು ಇವುಗಳಲ್ಲಿ ಎಷ್ಟು ಹೋಳು ಎಂಬುದೂ ಇರಬೇಕು. ಬೀಗರೂಟದಲ್ಲಿ ಯಾವುದನ್ನು ಬಡಿಸಿಕೊಳ್ಳಬಹುದೆಂಬ ಒಂದು ಪುಟ ಅವಶ್ಯ. ಬಸ್ಸಾರಿನ ಭಾಗವನ್ನು ಹೇಳಿ ಬರೆಸಲು ನಮ್ಮ ಅತ್ತಿಗೆಯವರು ಒಪ್ಪಿದ್ದಾರೆ; ನನಗೆ ಕೊಟ್ಟಿರುವ ಸಂಭಾವನೆಯನ್ನು ಮುದ್ರಣದ ಬಾಬ್ತಿಗೆ ಸೇರಿಸಿಕೊಳ್ಳಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇನೆ. ಆದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇವುಗಳ ವಿಷಯದಲ್ಲಿ ನಮ್ಮ ಮನೆಯವರಿಗೆ ಅನುಭವವಿಲ್ಲ. ಕುಚ್ಚಲಕ್ಕಿಯ ಗಂಜಿ, ಒಣಮೀನು ಇವುಗಳ ವಿಷಯದಲ್ಲಿ ಇನ್ನೂ ಇಲ್ಲ. ಅವುಗಳನ್ನು ಇಂಥ ರೋಗಿಗಾಗಿ ಮಾಡಿ ಬಡಿಸಿ ಬಲ್ಲವರು ಈ ಸಭೆಯಲ್ಲಿದ್ದರೆ, ಹೊರಗೆ ಹೋಗುವ ಮುಂಚೆ ಬಾಗಿಲ ಬಳಿಯ ಮೇಜಿನಲ್ಲಿ ತಮ್ಮ ಹೆಸರನ್ನು ಬರೆದು ಹೋಗಬೇಕು.